ಸಂಸ್ಥೆಯ ಮಾಹಿತಿ ವ್ಯವಸ್ಥೆಯನ್ನು ಅಧ್ಯಯನಕ್ಕೆ ಎತ್ತಿಕೊಳ್ಳುವ ಮುನ್ನ: ವಿದ್ಯಾರ್ಥಿಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಬಿ.ಸಿ.ಎ., ಎಂ.ಸಿ.ಎ., ಬಿ.ಇ. ಹಾಗೂ ಎಂ.ಬಿ.ಎ. ವಿದ್ಯಾರ್ಥಿಗಳಿಗೆ ಕೊನೆಯ ಸೆಮಿಸ್ಟರುಗಳಲ್ಲಿ ಒಂದು ಕೆಲಸ ಬರುತ್ತದೆ. ಯಾವುದಾದರೂ ಸಂಸ್ಥೆಗೆ ಹೋಗಿ, ಅಲ್ಲಿ ಮಾಹಿತಿ ಎಲ್ಲಿ ಹುಟ್ಟುತ್ತದೆ, ಯಾರ ಕೈಯಿಂದ ಯಾರ ಕೈಗೆ ದಾಟುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ಅಧ್ಯಯನ ಮಾಡಿ, ಆ ವ್ಯವಸ್ಥೆಯನ್ನು ಹೊಸದಾಗಿ ವಿನ್ಯಾಸ ಮಾಡಿಕೊಡಬೇಕು. ಇದರಲ್ಲಿ ಆಯ್ಕೆಯ ಪ್ರಶ್ನೆ ನಾಲ್ಕು ಕಡೆ ಎದುರಾಗುತ್ತದೆ: ಯಾವ ಸಂಸ್ಥೆ, ಅಧ್ಯಯನಕ್ಕೆ ಯಾವ ವಿಧಾನ, ಪರಿಹಾರಕ್ಕೆ ಯಾವ ಸಾಧನ, ಹಳೆಯದರಿಂದ ಹೊಸದಕ್ಕೆ ದಾಟುವ ಕ್ರಮ ಯಾವುದು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೂರನೆಯ ಪ್ರಶ್ನೆಯಿಂದಲೇ ಆರಂಭಿಸುತ್ತಾರೆ; ಜಾವಾದಲ್ಲಿ ಮಾಡುವುದೋ ಪೈಥಾನ್‌ನಲ್ಲಿ ಮಾಡುವುದೋ ಎಂಬ ಚರ್ಚೆ ಮುಗಿದ ಮೇಲೆ ಅದಕ್ಕೆ ಹೊಂದುವ ಸಂಸ್ಥೆಯೊಂದನ್ನು ಹುಡುಕಲು ಹೊರಡುತ್ತಾರೆ. ಆದರೆ ಪ್ರಾಜೆಕ್ಟಿನ ಯೋಗ್ಯತೆಯ ಬಹುಪಾಲು ಸಂಸ್ಥೆಯ ಆಯ್ಕೆಯಲ್ಲೇ ತೀರ್ಮಾನವಾಗಿಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾವ ಸಂಸ್ಥೆ?

ಸಂಸ್ಥೆಯನ್ನು ಆರಿಸುವಾಗ ಅದರ ಹೆಸರಿನ ತೂಕಕ್ಕಿಂತ ಮೂರು ಸಂಗತಿಗಳನ್ನು ನೋಡಬೇಕು. ಅಲ್ಲಿನ ರಿಜಿಸ್ಟರು, ರಸೀದಿ, ಚೀಟಿಗಳನ್ನು ಕೈಯಲ್ಲಿ ಹಿಡಿದು ನೋಡಲು ಬಿಡುತ್ತಾರೆಯೇ ಎಂಬುದು ಮೊದಲನೆಯದು. ಲೆಕ್ಕ ಇಡುವ ಕ್ರಮವನ್ನು ಬದಲಿಸುವ ಅಧಿಕಾರ ಅಲ್ಲಿರುವವರಿಗೇ ಇದೆಯೇ, ಅಥವಾ ಬೆಂಗಳೂರಿನಲ್ಲೋ ದೆಹಲಿಯಲ್ಲೋ ಇರುವ ಕಚೇರಿ ಅದನ್ನು ನಿರ್ಧರಿಸುತ್ತದೆಯೇ ಎಂಬುದು ಎರಡನೆಯದು. ಈಗಿನ ಕ್ರಮದಿಂದ ಯಾರಿಗಾದರೂ ನಿಜವಾಗಿ ತೊಂದರೆಯಾಗುತ್ತಿದೆಯೇ ಎಂಬುದು ಮೂರನೆಯದು. ತೊಂದರೆಯೇ ಇಲ್ಲದ ಕಡೆ ವರದಿಯ ‘ಸಮಸ್ಯೆಯ ವಿವರಣೆ’ ಎಂಬ ಅಧ್ಯಾಯವನ್ನು ಕಲ್ಪಿಸಿಕೊಂಡು ಬರೆಯಬೇಕಾಗುತ್ತದೆ, ಮತ್ತು ಮೌಖಿಕ ಪರೀಕ್ಷೆಯ ಮೊದಲ ಪ್ರಶ್ನೆ ಸಾಮಾನ್ಯವಾಗಿ ಅಲ್ಲಿಗೇ ಬಂದು ತಾಗುತ್ತದೆ.

ಎಲ್ಲರೂ ಮೊದಲು ಹೇಳುವ ಹೆಸರು ಕಾಲೇಜಿನ ಗ್ರಂಥಾಲಯದ್ದು. ಹತ್ತಿರದಲ್ಲಿದೆ, ಗ್ರಂಥಪಾಲಕರು ಪರಿಚಯದವರು, ಅನುಮತಿ ಸುಲಭ. ಆದರೆ ಪುಸ್ತಕ ಕೊಡುವುದು, ಹಿಂಪಡೆಯುವುದು, ದಂಡ ಹಾಕುವುದು ಇಷ್ಟನ್ನೇ ಮಾಡುವ ತಂತ್ರಾಂಶವನ್ನು ಇಂದು ಹೊಸದಾಗಿ ಬರೆಯುವುದಕ್ಕೆ ಕಾರಣ ಉಳಿದಿಲ್ಲ. ನ್ಯೂಜಿಲೆಂಡಿನ ಒಂದು ಗ್ರಂಥಾಲಯ ಸಂಸ್ಥೆಗಾಗಿ ಸಿದ್ಧವಾಗಿ 2000ದ ಜನವರಿಯಲ್ಲಿ ಬಳಕೆಗೆ ಬಂದ ಕೋಹಾ ಎಂಬ ಮುಕ್ತ ತಂತ್ರಾಂಶ ಇವೆಲ್ಲವನ್ನೂ ಉಚಿತವಾಗಿ ಮಾಡುತ್ತದೆ. ನಮ್ಮ ರಾಷ್ಟ್ರೀಯ ಮಾಹಿತಿ ಕೇಂದ್ರದ ಇ-ಗ್ರಂಥಾಲಯವೂ ಇದೆ. ಇಷ್ಟಾದರೂ ಪ್ರತಿ ವರ್ಷ ಅದೇ ಪ್ರಾಜೆಕ್ಟ್ ಬರುತ್ತದೆ, ಬಾಹ್ಯ ಪರೀಕ್ಷಕರು ಮುಖಪುಟ ನೋಡಿಯೇ ಒಳಗೇನಿದೆ ಎಂಬುದನ್ನು ಊಹಿಸಿಬಿಡುತ್ತಾರೆ. ಗ್ರಂಥಾಲಯವನ್ನೇ ಆರಿಸಬೇಕೆಂದಿದ್ದರೆ, ಕೌಂಟರನ್ನು ಬಿಟ್ಟು, ಬಂದ ಪುಸ್ತಕಗಳನ್ನೆಲ್ಲ ಕ್ರಮವಾಗಿ ದಾಖಲಿಸುವ ಹಳೆಯ ಅಕ್ಸೆಷನ್ ರಿಜಿಸ್ಟರಿನ ಕಡೆಗೆ ತಿರುಗುವುದು ಲೇಸು. 2007ರ ಜನವರಿ 1ರಂದು ಐ.ಎಸ್.ಬಿ.ಎನ್., ಅಂದರೆ ಪುಸ್ತಕಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ, ಹತ್ತು ಅಂಕಿಗಳಿಂದ ಹದಿಮೂರಕ್ಕೆ ಏರಿತು; ಅದಕ್ಕೆ ಹಿಂದಿನ ಪುಸ್ತಕಗಳಲ್ಲಿ ಹತ್ತಂಕಿಯ ಸಂಖ್ಯೆ ಇರುತ್ತದೆ, ಇನ್ನೂ ಹಳೆಯವುಗಳಲ್ಲಿ ಅದೂ ಇರುವುದಿಲ್ಲ. ಕನ್ನಡ ವಿಭಾಗಕ್ಕೆ ಬಂದರೆ ಒಬ್ಬರೇ ಲೇಖಕರು ಒಂದು ಪುಟದಲ್ಲಿ ‘ಕುವೆಂಪು’, ಇನ್ನೊಂದರಲ್ಲಿ ‘ಕೆ.ವಿ. ಪುಟ್ಟಪ್ಪ’, ಮತ್ತೊಂದರಲ್ಲಿ ‘ಪುಟ್ಟಪ್ಪ ಕೆ.ವಿ.’ ಎಂದು ದಾಖಲಾಗಿರುತ್ತಾರೆ. ಈ ಮೂರನ್ನೂ ಒಂದೇ ವ್ಯಕ್ತಿಗೆ ಜೋಡಿಸುವ ನಿಯಮಗಳನ್ನು ರೂಪಿಸಿ, ದತ್ತಾಂಶವನ್ನು ಶುದ್ಧಗೊಳಿಸಿ ಕೋಹಾಕ್ಕೆ ಸಾಗಿಸುವುದು ಒಂದು ಸೆಮಿಸ್ಟರಿಗೆ ಸಾಕಾಗುವಷ್ಟು ಗಟ್ಟಿಯಾದ ಕೆಲಸ, ಮತ್ತು ವಿದ್ಯಾರ್ಥಿಗಳು ಹೋದ ಮೇಲೂ ಗ್ರಂಥಾಲಯಕ್ಕೆ ಅದರ ಫಲ ಉಳಿಯುತ್ತದೆ.

ನಾನು ಹೆಚ್ಚಾಗಿ ಸೂಚಿಸುವುದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘವನ್ನು, ಅಂದರೆ ಊರಿನವರು ಡೇರಿ ಎಂದು ಕರೆಯುವ ಸಂಸ್ಥೆಯನ್ನು. ಇದಕ್ಕೆ ಕಾರಣವಿದೆ. ಇಡೀ ವ್ಯವಸ್ಥೆ ಒಂದೆರಡು ಕೋಣೆಗಳಲ್ಲಿ, ಇಬ್ಬರು ಮೂವರು ಸಿಬ್ಬಂದಿಯ ನಡುವೆ, ದಿನಕ್ಕೆ ಎರಡು ಸಲ ಕಣ್ಣೆದುರಿಗೇ ಪೂರ್ತಿಯಾಗಿ ನಡೆದು ಮುಗಿಯುತ್ತದೆ. ಬೆಳಗಿನ ಸರದಿಯಲ್ಲಿ ನಿಂತರೆ ಸಾಕು: ಉತ್ಪಾದಕರು ಕ್ಯಾನ್ ತರುತ್ತಾರೆ, ಅಳತೆಯಾಗುತ್ತದೆ, ಮಾದರಿ ತೆಗೆಯಲಾಗುತ್ತದೆ, ಲ್ಯಾಕ್ಟೋಮೀಟರ್ ಡಿಗ್ರಿ ಮತ್ತು ಜಿಡ್ಡಿನ ಅಂಶ ಗೊತ್ತಾಗುತ್ತದೆ, ಅವೆರಡರಿಂದ ಜಿಡ್ಡೇತರ ಘನಾಂಶದ ಲೆಕ್ಕ ಬರುತ್ತದೆ, ದರ ಕಟ್ಟಲಾಗುತ್ತದೆ. ಕೈಬರಹದ ಲೆಕ್ಕವಿರುವ ಸಂಘದಲ್ಲಿ ಒಬ್ಬ ಉತ್ಪಾದಕರ ‘6.5 ಲೀಟರ್’ ಎಂಬ ಒಂದೇ ಅಂಕಿಯನ್ನು ಹಿಂಬಾಲಿಸಿ ನೋಡಿ. ಅದು ಮೊದಲು ದಿನದ ಹಾಳೆಗೆ, ಅಲ್ಲಿಂದ ಉತ್ಪಾದಕರ ಪಾಸ್‌ಬುಕ್ಕಿಗೆ, ಅಲ್ಲಿಂದ ಸದಸ್ಯರ ಖಾತೆಗೆ, ಕೊನೆಗೆ ಬಟವಾಡೆ ಪಟ್ಟಿಗೆ ಹೋಗುತ್ತದೆ. ಪ್ರತಿ ನಕಲಿನಲ್ಲೂ 6.5 ಎಂಬುದು 5.6 ಆಗುವ ಸಂಭವವಿದೆ, ಮತ್ತು ಅದು ತಿಳಿಯುವುದು ಬಟವಾಡೆಯ ದಿನ, ಜಗಳದ ರೂಪದಲ್ಲಿ.

ಇನ್ನೊಂದು ಸೂಕ್ಷ್ಮವೂ ಇದೆ. ಹಾಲಿನ ಸಾಂದ್ರತೆ ನೀರಿಗಿಂತ ತುಸು ಹೆಚ್ಚು. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಸಂಘ ಲೀಟರಿನಲ್ಲಿ ಕೊಂಡು, ಸಂಘಗಳಿಂದ ಹಾಲು ಕೊಳ್ಳುವ ಒಕ್ಕೂಟ ಕಿಲೋದಲ್ಲಿ ತೂಗಿ ತೆಗೆದುಕೊಂಡರೆ, 500 ಲೀಟರಿನ ಎದುರು ಸುಮಾರು 515 ಎಂಬ ಅಂಕಿ ಬರುತ್ತದೆ. ಎರಡೂ ವಹಿಗಳಲ್ಲಿ ಮೇಲೆ ‘ಹಾಲು’ ಎಂದಷ್ಟೇ ಬರೆದಿದ್ದು ಅಳತೆಯ ಮಾನವನ್ನು (ಲೀಟರೋ ಕಿಲೋವೋ) ನಮೂದಿಸದಿದ್ದರೆ, ಈ 15ರ ಜೊತೆಗೆ ಸ್ಥಳೀಯ ಮಾರಾಟ, ಮಾದರಿಗೆ ತೆಗೆದ ಹಾಲು, ಚೆಲ್ಲಿದ್ದು ಎಲ್ಲವೂ ಸೇರಿಕೊಂಡು ‘ವ್ಯತ್ಯಾಸ’ ಎಂಬ ಒಂದೇ ಕಾಲಮ್ಮಿನಲ್ಲಿ ಕರಗಿಹೋಗುತ್ತವೆ. ಆ ಕಾಲಮ್ಮನ್ನು ಬಿಡಿಸಿ ನಾಲ್ಕಾಗಿ ಮಾಡುವುದೇ ಮರುವಿನ್ಯಾಸದ ಮೊದಲ ಹೆಜ್ಜೆಯಾಗಬಹುದು; ಅದಕ್ಕೆ ಒಂದು ಸಾಲು ಕೋಡ್ ಕೂಡ ಬೇಕಾಗಿಲ್ಲ.

ಈಗ ಅನೇಕ ಸಂಘಗಳಲ್ಲಿ ತೂಕದ ಯಂತ್ರ, ಹಾಲಿನ ವಿಶ್ಲೇಷಕ ಯಂತ್ರ ಮತ್ತು ಕಂಪ್ಯೂಟರ್ ಒಂದಕ್ಕೊಂದು ಜೋಡಣೆಯಾಗಿದ್ದು, ಉತ್ಪಾದಕರಿಗೆ ಮುದ್ರಿತ ಚೀಟಿಯೇ ಸಿಗುತ್ತದೆ. ಅಂಥ ಕಡೆ ಹಾಲಿನ ಲೆಕ್ಕಕ್ಕೆ ಕೈಹಾಕುವ ಅಗತ್ಯವಿಲ್ಲ. ಸಾಲವಾಗಿ ಕೊಟ್ಟ ಪಶು ಆಹಾರದ ಚೀಲಗಳು, ಬಟವಾಡೆಯಲ್ಲಿ ಆದ ಮುರಿತಗಳು, ಪ್ರೋತ್ಸಾಹ ಧನಕ್ಕಾಗಿ ಕಳಿಸುವ ಪಟ್ಟಿಯಲ್ಲಿ ಹೆಸರಿಗೂ ಬ್ಯಾಂಕ್ ಖಾತೆಗೂ ಹೊಂದದ ಸದಸ್ಯರು, ಹೀಗೆ ಯಂತ್ರದ ಹೊರಗೆ ಉಳಿದದ್ದನ್ನು ಅಧ್ಯಯನಕ್ಕೆ ತೆಗೆದುಕೊಳ್ಳಬೇಕು. ಯಂತ್ರ ಬಂದ ಮೇಲೂ ಕಾರ್ಯದರ್ಶಿಯವರ ಮೇಜಿನ ಮೇಲೆ ಒಂದು ನೋಟ್‌ಬುಕ್ ಉಳಿದಿದ್ದರೆ, ಅದನ್ನು ಕೇಳಿ ತೆರೆಸಿ ನೋಡಿ. ಅಧ್ಯಯನದ ಅರ್ಧ ಅದರಲ್ಲೇ ಇರುತ್ತದೆ.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೂ ಮೇಲ್ನೋಟಕ್ಕೆ ಇದೇ ಜಾತಿಯದು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಆರಂಭವಾದ ಸಂಘದ ಕಾರಣದಿಂದ ಈ ಕ್ಷೇತ್ರಕ್ಕೆ ಕರ್ನಾಟಕದಲ್ಲಿ ದೀರ್ಘ ಇತಿಹಾಸವಿದೆ, ದಾಖಲೆಗಳೂ ಸಮೃದ್ಧವಾಗಿವೆ. ಆದರೆ ಎರಡನೆಯ ಮಾನದಂಡ ಇಲ್ಲಿ ಅಡ್ಡ ಬರುತ್ತದೆ. ದೇಶದ 63,000 ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರಡಿ ಎಲ್ಲೆಡೆಗೂ ಒಂದೇ ರಾಷ್ಟ್ರೀಯ ತಂತ್ರಾಂಶ. ಸಾಲ ಮತ್ತು ಠೇವಣಿಯ ಲೆಕ್ಕಕ್ಕೆ ವಿದ್ಯಾರ್ಥಿಗಳು ಬೇರೊಂದು ತಂತ್ರಾಂಶ ಮಾಡಿಕೊಟ್ಟರೆ ಅದನ್ನು ಬಳಸುವ ಸ್ವಾತಂತ್ರ್ಯವೇ ಸಂಘಕ್ಕೆ ಇರುವುದಿಲ್ಲ. ಗೊಬ್ಬರದ ಗೋದಾಮಿನ ದಾಸ್ತಾನು ಅಥವಾ ಹಳೆಯ ವಹಿಗಳಿಂದ ಹೊಸ ತಂತ್ರಾಂಶಕ್ಕೆ ಆರಂಭಿಕ ಶಿಲ್ಕುಗಳನ್ನು ತಾಳೆ ನೋಡಿ ಸಾಗಿಸುವ ಕೆಲಸವಾದರೆ ಮಾತ್ರ ಈ ಆಯ್ಕೆ ನಿಲ್ಲುತ್ತದೆ.

ಕಾಲೇಜಿನ ಕಚೇರಿಯ ಸ್ಥಿತಿಯೂ ಹೀಗೆಯೇ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ ಮತ್ತು ಪರೀಕ್ಷೆಗಳ ಕೆಲಸ ಯು.ಯು.ಸಿ.ಎಂ.ಎಸ್. ಎಂಬ ಏಕೀಕೃತ ವ್ಯವಸ್ಥೆಗೆ ಸರಿದ ಮೇಲೆ, ಕಚೇರಿಯ ಗುಮಾಸ್ತರು ಅದೇ ವಿವರವನ್ನು ಅಲ್ಲೊಮ್ಮೆ, ಕಾಲೇಜಿನ ಶುಲ್ಕದ ವಹಿಯಲ್ಲೊಮ್ಮೆ, ವಿದ್ಯಾರ್ಥಿವೇತನದ ಪಟ್ಟಿಯಲ್ಲೊಮ್ಮೆ ತುಂಬುತ್ತಾರೆ. ಈ ಮರುನಮೂದನ್ನು ಕಡಿಮೆ ಮಾಡುವ ಸಣ್ಣ ಪ್ರಾಜೆಕ್ಟಿಗೆ ಜಾಗವಿದೆ. ‘ಕಾಲೇಜ್ ಮ್ಯಾನೇಜ್‌ಮೆಂಟ್ ಸಿಸ್ಟಂ’ ಎಂಬ ದೊಡ್ಡ ಹೆಸರಿನ ಪ್ರಾಜೆಕ್ಟಿಗೆ ಇಲ್ಲ.

ಆಸ್ಪತ್ರೆ ಮತ್ತು ನರ್ಸಿಂಗ್ ಹೋಂಗಳ ವಿಷಯದಲ್ಲಿ ನಾನು ಹಿಂಜರಿಯುತ್ತೇನೆ. ಸಮಸ್ಯೆಗಳು ಹೇರಳ, ನಿಜ. ಆದರೆ ರೋಗಿಗಳ ದಾಖಲೆಯನ್ನು ವಿದ್ಯಾರ್ಥಿಗಳ ಕೈಗೆ ಕೊಡುವುದು ಸರಿಯಲ್ಲ, ಮತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜವಾಬ್ದಾರಿಯುತ ಆಡಳಿತಗಾರರು ಕೊಡಲೂ ಒಪ್ಪುವುದಿಲ್ಲ. ವಾರ್ಡಿನ ಔಷಧಿ ದಾಸ್ತಾನು, ಲಿನನ್ ಲೆಕ್ಕ, ಸಲಕರಣೆಗಳ ಸರ್ವೀಸ್ ದಿನಾಂಕಗಳಂಥ, ರೋಗಿಯ ಹೆಸರೇ ಬಾರದ ಭಾಗಗಳಿಗೆ ಸೀಮಿತವಾದರೆ ಇದೂ ಒಳ್ಳೆಯ ಆಯ್ಕೆಯೇ. ಕಿರಾಣಿ ಅಥವಾ ಹಾರ್ಡ್‌ವೇರ್ ಅಂಗಡಿಯಲ್ಲಿ ಟ್ಯಾಲಿಯೋ ಅಂಥದ್ದೇ ಇನ್ನೊಂದೋ ಜಿ.ಎಸ್.ಟಿ. ಲೆಕ್ಕವನ್ನು ನೋಡಿಕೊಳ್ಳುತ್ತಿರುತ್ತದೆ, ಅದರ ಹೊರಗಿರುವುದು ಉದ್ರಿ ಪುಸ್ತಕ ಮತ್ತು ಗೋದಾಮಿನ ಚೀಟಿ. ಅವೆರಡರ ಸುತ್ತ ಪ್ರಾಜೆಕ್ಟ್ ಕಟ್ಟಬಹುದು, ಮಾಲೀಕರು ಉದ್ರಿ ಪುಸ್ತಕವನ್ನು ತೋರಿಸುವಷ್ಟು ನಂಬಿಕೆ ಇಟ್ಟರೆ.

ಸರ್ಕಾರಿ ಕಚೇರಿಯನ್ನು ಅಧ್ಯಯನದ ಸ್ಥಳವಾಗಿ ಆರಿಸುವುದಕ್ಕಿಂತ ಅಧ್ಯಯನದ ಪಾಠವಾಗಿ ಓದುವುದು ಮೇಲು. ಅನುಮತಿ ಪತ್ರ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಸೆಮಿಸ್ಟರ್ ಮುಗಿಯುತ್ತದೆ. ಪಾಠಕ್ಕೆ ಮಾತ್ರ ನಮ್ಮ ರಾಜ್ಯದ ಭೂಮಿ ಯೋಜನೆಗಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ. ಗ್ರಾಮ ಲೆಕ್ಕಿಗರ ಬಳಿ ಕೈಬರಹದಲ್ಲಿದ್ದ, ಸುಮಾರು 67 ಲಕ್ಷ ರೈತರಿಗೆ ಸೇರಿದ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿದ್ದು ಅದರ ಒಂದು ಭಾಗವಷ್ಟೇ. ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ ಆರಂಭದಲ್ಲಿ 15 ರೂಪಾಯಿ ಶುಲ್ಕಕ್ಕೆ ಯಾರು ಬೇಕಾದರೂ ಪಹಣಿ ಪಡೆಯುವಂತೆ ಮಾಡಿದ್ದು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಕೂಡಿಸಿದ್ದು, ಇವು ಮರುವಿನ್ಯಾಸ. ಇದ್ದ ಕ್ರಮವನ್ನೇ ಟೈಪ್ ಮಾಡಿಡುವುದಕ್ಕೂ ಕ್ರಮವನ್ನೇ ಬದಲಿಸುವುದಕ್ಕೂ ಇರುವ ಅಂತರವನ್ನು ವರದಿಯ ಪೀಠಿಕೆಯಲ್ಲಿ ವಿವರಿಸಲು ಇದೊಂದು ಉದಾಹರಣೆ ಸಾಕು.

ಅಧ್ಯಯನದ ವಿಧಾನ ಮತ್ತು ನಕ್ಷೆಗಳು

ಮಾಹಿತಿ ಸಂಗ್ರಹಕ್ಕೆ ಪ್ರಶ್ನಾವಳಿ, ಸಂದರ್ಶನ, ವೀಕ್ಷಣೆ, ದಾಖಲೆಗಳ ಪರಿಶೀಲನೆ ಎಂಬ ನಾಲ್ಕು ದಾರಿಗಳನ್ನು ಪಠ್ಯಗಳು ಸಮಾನವಾಗಿ ಹೇಳುತ್ತವೆ. ಸಣ್ಣ ಸಂಸ್ಥೆಯಲ್ಲಿ ಅವು ಸಮಾನವಲ್ಲ. ಮೂವರು ಸಿಬ್ಬಂದಿ ಇರುವ ಕಡೆ ಪ್ರಶ್ನಾವಳಿ ಹಂಚಿ ಶೇಕಡಾವಾರು ಚಿತ್ರ ಬರೆಯುವುದು ಹಾಸ್ಯಾಸ್ಪದ. ಸಂದರ್ಶನದಲ್ಲಿ ಜನ ನಿಯಮದ ಪ್ರಕಾರ ಏನು ಆಗಬೇಕೋ ಅದನ್ನು ಹೇಳುತ್ತಾರೆ. ಸುಳ್ಳು ಹೇಳುವ ಉದ್ದೇಶದಿಂದಲ್ಲ, ಕೇಳುವವರ ಎದುರು ಕೆಲಸ ಅಚ್ಚುಕಟ್ಟಾಗಿ ಕಾಣಲಿ ಎಂದು. ಆದ್ದರಿಂದ ಮೊದಲು ದಾಖಲೆಗಳನ್ನು ನೋಡಿ, ಆಮೇಲೆ ಕೆಲಸ ನಡೆಯುವುದನ್ನು ನೋಡಿ, ಅವೆರಡರ ನಡುವೆ ಕಂಡ ವ್ಯತ್ಯಾಸವನ್ನು ಹಿಡಿದು ಸಂದರ್ಶನಕ್ಕೆ ಕುಳಿತುಕೊಳ್ಳುವುದು ಒಳ್ಳೆಯದು. “ಈ ಕಾಲಮ್ ಮೂರು ತಿಂಗಳಿಂದ ಖಾಲಿ ಇದೆಯಲ್ಲ ಸರ್, ಯಾಕೆ?” ಎಂಬ ಪ್ರಶ್ನೆಗೆ ಸಿಗುವ ಉತ್ತರ, “ನಿಮ್ಮ ಈಗಿನ ವ್ಯವಸ್ಥೆಯ ಕುಂದುಕೊರತೆಗಳೇನು?” ಎಂಬುದಕ್ಕೆ ಎಂದೂ ಸಿಗುವುದಿಲ್ಲ.

ನಕ್ಷೆಗಳ ಆಯ್ಕೆ ಅಷ್ಟು ಕಷ್ಟದ್ದಲ್ಲ. 1970ರ ದಶಕದ ಕೊನೆಯಲ್ಲಿ ರೂಢಿಗೆ ಬಂದ ರಚನಾತ್ಮಕ ವಿಶ್ಲೇಷಣೆ ದತ್ತಾಂಶ ಹರಿವಿನ ನಕ್ಷೆ, ಅಂದರೆ ಡಿ.ಎಫ್.ಡಿ.ಯನ್ನು ಆಧರಿಸಿದೆ, ದತ್ತಾಂಶದ ಸಂಬಂಧಗಳಿಗೆ ಪೀಟರ್ ಚೆನ್ 1976ರಲ್ಲಿ ಮಂಡಿಸಿದ ಇ.ಆರ್. (ಎಂಟಿಟಿ-ರಿಲೇಶನ್‌ಶಿಪ್) ಮಾದರಿ ಇದೆ. ವಸ್ತುಕೇಂದ್ರಿತ ವಿನ್ಯಾಸಕ್ಕೆ 1997ರಲ್ಲಿ ಮಾನಕವಾದ ಯು.ಎಂ.ಎಲ್. ಎಂಬ ನಕ್ಷಾ ಪದ್ಧತಿ ಇದೆ, ಕಚೇರಿಯ ಪ್ರಕ್ರಿಯೆಗಳನ್ನು ಯಾರು ಯಾವ ಹಂತದಲ್ಲಿ ಮಾಡುತ್ತಾರೆ ಎಂದು ಒಬ್ಬೊಬ್ಬರಿಗೆ ಒಂದೊಂದು ಪಟ್ಟೆಯಂತೆ ಬಿಡಿಸಿ ತೋರಿಸಲು ಬಿ.ಪಿ.ಎಂ.ಎನ್. ಇದೆ. ಕಾಗದದ ಮೇಲೆ ನಡೆಯುವ ಸಂಸ್ಥೆಯನ್ನು ಅರಿಯಲು ಡಿ.ಎಫ್.ಡಿ.ಯೇ ಅನುಕೂಲ, ಏಕೆಂದರೆ ಅದರ ದತ್ತಾಂಶ ಸಂಗ್ರಹವೆಂದರೆ ಬೀರುವಿನಲ್ಲಿರುವ ರಿಜಿಸ್ಟರೇ. ನಕ್ಷೆ ಬರೆದ ಮೇಲೆ ಒಂದು ಪರೀಕ್ಷೆ ಮಾಡಿ: ಯಾವ ಸಂಗ್ರಹಕ್ಕೆ ಬಾಣಗಳು ಒಳಗೆ ಹೋಗುತ್ತವೆಯೇ ಹೊರತು ಹೊರಗೆ ಬರುವುದಿಲ್ಲವೋ, ಅದು ಬರೆಯುವವರು ಇದ್ದು ಓದುವವರಿಲ್ಲದ ರಿಜಿಸ್ಟರು. ಅದನ್ನು ಕೈಬಿಡಬಹುದೇ ಎಂದು ಕೇಳುವ ಮೊದಲು ಲೆಕ್ಕಪರಿಶೋಧಕರು ವರ್ಷಕ್ಕೊಮ್ಮೆ ಕೇಳುತ್ತಾರೆಯೇ ಎಂದು ವಿಚಾರಿಸಿ. ಸಹಕಾರ ಸಂಘಗಳಲ್ಲಿ ಅನೇಕ ವಹಿಗಳು ಆಡಿಟ್‌ಗಾಗಿಯೇ ಜೀವ ಹಿಡಿದಿರುತ್ತವೆ. ನೀವು ನಿಜವಾಗಿ ಕೋಡ್ ಬರೆಯುವುದಾದರೆ ಮಾತ್ರ ಯು.ಎಂ.ಎಲ್. ಕ್ಲಾಸ್ ನಕ್ಷೆಗೆ ಬೆಲೆ. ಎರಡೂ ಪದ್ಧತಿಯ ನಕ್ಷೆಗಳನ್ನು ಪುಟ ತುಂಬಲೆಂದು ಸೇರಿಸುವ ರೂಢಿಯಿದೆ. ಒಂದರಲ್ಲಿ ಬರುವ ಹೆಸರು ಇನ್ನೊಂದರಲ್ಲಿ ಬಾರದಿರುವುದನ್ನು ಪರೀಕ್ಷಕರು ಗಮನಿಸದೆ ಇರುವುದಿಲ್ಲ.

ಪರಿಹಾರಕ್ಕೆ ಯಾವ ಸಾಧನ?

ಇಲ್ಲಿ ನಾಲ್ಕು ದಾರಿಗಳಿವೆ: ಹೊಸದಾಗಿ ಕೋಡ್ ಬರೆಯುವುದು, ಸಿದ್ಧವಿರುವ ಮುಕ್ತ ತಂತ್ರಾಂಶವನ್ನು ಹೊಂದಿಸಿಕೊಳ್ಳುವುದು, ಸ್ಪ್ರೆಡ್‌ಶೀಟ್ ಬಳಸುವುದು, ನಮೂನೆಗಳನ್ನೇ ಬದಲಿಸುವುದು. ಇವುಗಳಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಗಿಂತ, ಜೂನ್ ತಿಂಗಳಲ್ಲಿ ನೀವು ಪ್ರಮಾಣಪತ್ರ ತೆಗೆದುಕೊಂಡು ಹೋದ ಮೇಲೆ ಜುಲೈನಲ್ಲಿ ಅದು ಕೆಟ್ಟರೆ ಯಾರು ಸರಿಮಾಡುತ್ತಾರೆ ಎಂಬ ಪ್ರಶ್ನೆ ಮುಖ್ಯ.

ಹೊಸ ಕೋಡಿನ ಆಕರ್ಷಣೆ ಸಹಜವಾದದ್ದು. ಕಲಿಕೆಯೂ ಅದರಲ್ಲೇ ಹೆಚ್ಚು, ಅಂಕಗಳೂ ಸಾಮಾನ್ಯವಾಗಿ ಹೆಚ್ಚು. ಸಂಸ್ಥೆಯ ನಿಯಮ ತೀರ ವಿಶಿಷ್ಟವಾಗಿದ್ದಾಗ ಅದು ಅನಿವಾರ್ಯವೂ ಹೌದು. ಡೇರಿಯ ದರಪಟ್ಟಿಯನ್ನೇ ತೆಗೆದುಕೊಳ್ಳಿ. ದರವನ್ನು ಡೇಟಾಬೇಸಿನಲ್ಲಿ ಒಂದೇ ಕಡೆ ಒಂದೇ ಅಂಕಿಯಾಗಿ ಇಟ್ಟು, ಬಿಲ್ ತೆಗೆಯುವಾಗಲೆಲ್ಲ ಅದರಿಂದ ಗುಣಿಸುವಂತೆ ಮಾಡಿದರೆ, ಒಕ್ಕೂಟ ದರ ಬದಲಿಸಿದ ದಿನ ಹಿಂದಿನ ತಿಂಗಳ ಬಿಲ್ಲುಗಳೂ ಬದಲಾಗಿಬಿಡುತ್ತವೆ. ಪ್ರತಿ ದರಕ್ಕೂ ‘ಜಾರಿಯಾದ ದಿನಾಂಕ’ ಬೇಕು, ಪ್ರತಿ ಹಾಲಿನ ನಮೂದಿನಲ್ಲೂ ಆಗ ಅನ್ವಯವಾದ ದರ ಉಳಿಯಬೇಕು, ಮತ್ತು ದರ ಬದಲಾವಣೆಯ ಸುತ್ತೋಲೆ ಎರಡು ದಿನ ತಡವಾಗಿ ಕೈಸೇರಿದರೆ ಆ ಎರಡು ದಿನಗಳ ವ್ಯತ್ಯಾಸವನ್ನು ಮುಂದಿನ ಬಟವಾಡೆಯಲ್ಲಿ ಸೇರಿಸುವ ಅವಕಾಶವಿರಬೇಕು. ಇಂಥದ್ದನ್ನು ವಿನ್ಯಾಸ ಮಾಡಿ ತೋರಿಸಿದ ವಿದ್ಯಾರ್ಥಿಗೆ ಲಾಗಿನ್ ಪುಟದ ಬಣ್ಣದ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಆದರೆ ಸರ್ವರಿನ ಬಾಡಿಗೆ, ಡೊಮೇನ್ ನವೀಕರಣ, ಬ್ಯಾಕಪ್ ಇವುಗಳನ್ನು ಹೊರುವವರು ಸಂಸ್ಥೆಯಲ್ಲಿ ಇಲ್ಲದಿದ್ದರೆ, ಎಷ್ಟು ಒಳ್ಳೆಯ ಕೋಡಾದರೂ ಒಂದು ವರ್ಷದೊಳಗೆ ನಿಂತುಹೋಗುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು.

ಸಿದ್ಧ ತಂತ್ರಾಂಶವನ್ನು ಹೊಂದಿಸುವುದು ‘ಸ್ವಂತ ಕೆಲಸ’ ಅಲ್ಲವೆಂಬ ಭಾವನೆ ಕೆಲವು ವಿಭಾಗಗಳಲ್ಲಿ ಇನ್ನೂ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಗ್ರಂಥಾಲಯಕ್ಕೆ ಕೋಹಾ, ದಾಸ್ತಾನು ಮತ್ತು ಖರೀದಿಯ ಲೆಕ್ಕಕ್ಕೆ ಮುಂಬೈಯ ಫ್ರಾಪೆ ಸಂಸ್ಥೆಯ ಇ.ಆರ್.ಪಿ.ನೆಕ್ಸ್ಟ್ ಇವೆರಡೂ ಮುಕ್ತ ತಂತ್ರಾಂಶಗಳು, ಬಳಕೆದಾರರ ಸಮುದಾಯ ದೊಡ್ಡದು, ನೀವು ಹೋದ ಮೇಲೂ ಸರಿಮಾಡುವವರು ಸಿಗುತ್ತಾರೆ. ಇಲ್ಲಿ ವಿಶ್ಲೇಷಣೆಯ ಕೆಲಸವೆಂದರೆ ತಂತ್ರಾಂಶದ ಕ್ರಮಕ್ಕೂ ಸಂಸ್ಥೆಯ ಕ್ರಮಕ್ಕೂ ಇರುವ ಅಂತರವನ್ನು ಒಂದೊಂದಾಗಿ ಗುರುತಿಸಿ, ಯಾವುದಕ್ಕೆ ತಂತ್ರಾಂಶ ಬಗ್ಗಬೇಕು, ಯಾವುದಕ್ಕೆ ಸಂಸ್ಥೆ ಬಗ್ಗಬೇಕು ಎಂದು ಕಾರಣ ಸಹಿತ ತೀರ್ಮಾನಿಸುವುದು. ವೃತ್ತಿಯಲ್ಲಿ ಮುಂದೆ ಮಾಡಬೇಕಾದ ಕೆಲಸವೂ ಬಹುಮಟ್ಟಿಗೆ ಇದೇ. ಒಂದು ತೊಡಕು ಮಾತ್ರ ಇದೆ: ಸಣ್ಣ ಅಂಗಡಿಗೆ ಇ.ಆರ್.ಪಿ.ನೆಕ್ಸ್ಟ್‌ನ ಮೆನುಗಳೇ ಭಾರ. ಬೇಡದ್ದನ್ನು ಮರೆಮಾಡುವುದಕ್ಕೇ ಸಾಕಷ್ಟು ಸಮಯ ಹೋಗುತ್ತದೆ.

ಸ್ಪ್ರೆಡ್‌ಶೀಟನ್ನು ಕೀಳಾಗಿ ಕಾಣುವುದು ರೂಢಿ. ಸಿಬ್ಬಂದಿಗೆ ಪರಿಚಿತ, ನೆಟ್ ಇಲ್ಲದಿದ್ದರೂ ನಡೆಯುತ್ತದೆ, ಪೆನ್‌ಡ್ರೈವಿನಲ್ಲಿ ನಕಲಾಗುತ್ತದೆ. ಕೆಲವು ನೂರು ವಸ್ತುಗಳ ದಾಸ್ತಾನಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇಲ್ಲ. ಆದರೆ ಅದರ ಮಿತಿಯನ್ನು ಮೊದಲೇ ಲೆಕ್ಕ ಹಾಕಬೇಕು. ನೂರು ಉತ್ಪಾದಕರಿರುವ ಸಂಘದಲ್ಲಿ ದಿನಕ್ಕೆ ಎರಡು ಸಲದಂತೆ ವರ್ಷಕ್ಕೆ 73,000 ಸಾಲುಗಳಾಗುತ್ತವೆ. ಹಳೆಯ ಎಕ್ಸೆಲ್ ಕಡತ ಹಿಡಿಯುವುದು 65,536 ಸಾಲುಗಳನ್ನು ಮಾತ್ರ, ಅಂದರೆ ವರ್ಷ ತುಂಬುವ ಮೊದಲೇ ಹಾಳೆ ತುಂಬುತ್ತದೆ. ಹೊಸ ನಮೂನೆಯ ಕಡತದಲ್ಲಿ 10,48,576 ಸಾಲುಗಳಿವೆಯಾದರೂ ಹಳೆಯ ಕಂಪ್ಯೂಟರಿನಲ್ಲಿ ಅದು ತೆರೆಯುವಷ್ಟರಲ್ಲಿ ಸರದಿ ರಸ್ತೆಗೆ ಬಂದಿರುತ್ತದೆ. ಇದು ಹಳ್ಳಿಯ ಸಂಘಕ್ಕೆ ಮಾತ್ರ ಬರುವ ಕಷ್ಟವಲ್ಲ: ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಪ್ರಯೋಗಾಲಯಗಳ ಫಲಿತಾಂಶಗಳನ್ನು ಹಳೆಯ ನಮೂನೆಯ ಎಕ್ಸೆಲ್ ಕಡತಕ್ಕೆ ಸೇರಿಸುತ್ತಿದ್ದುದರಿಂದ, 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋಗಿದ್ದವು. ಸಾಲಿನ ಮಿತಿಗಿಂತ ದೊಡ್ಡ ಕೊರತೆಯೆಂದರೆ ಯಾರು, ಯಾವಾಗ, ಯಾವ ಅಂಕಿಯನ್ನು ತಿದ್ದಿದರು ಎಂಬುದರ ಕುರುಹು ಉಳಿಯದಿರುವುದು. ಹಣದ ಲೆಕ್ಕಕ್ಕೆ ಇದೊಂದೇ ಕಾರಣದಿಂದ ನಾನು ಸ್ಪ್ರೆಡ್‌ಶೀಟನ್ನು ಶಿಫಾರಸು ಮಾಡುವುದಿಲ್ಲ, ದಾಸ್ತಾನಿಗೆ ಮಾಡುತ್ತೇನೆ.

ನಮೂನೆಗಳನ್ನೇ ಬದಲಿಸುವುದು ಒಂದು ಪರಿಹಾರವೆಂದು ವಿದ್ಯಾರ್ಥಿಗಳಿಗೆ ತೋಚುವುದೇ ಇಲ್ಲ. ಮುದ್ರಿತ ಕ್ರಮಸಂಖ್ಯೆಯ ಕಾರ್ಬನ್ ಪ್ರತಿಯ ರಸೀದಿ, ಮಾನವನ್ನು ನಮೂದಿಸುವ ಕಾಲಮ್, ದಿನದ ಹಾಳೆಯಲ್ಲೂ ಪಾಸ್‌ಬುಕ್ಕಿನಲ್ಲೂ ಒಂದೇ ಅನುಕ್ರಮ, ಇಂಥ ಬದಲಾವಣೆಗಳಿಗೆ ಮುದ್ರಣಾಲಯದ ಖರ್ಚಷ್ಟೇ. ತಂತ್ರಾಂಶ ಮಾಡುವುದಾದರೂ ಇದನ್ನು ಮೊದಲು ಮಾಡುವುದು ವಿವೇಕ, ಏಕೆಂದರೆ ಕರೆಂಟ್ ಹೋದ ಬೆಳಗ್ಗೆ ಸಿಬ್ಬಂದಿ ಬರೆದುಕೊಳ್ಳುವುದು ಆ ಹಾಳೆಯಲ್ಲೇ.

ನಾಲ್ಕು ದಾರಿಗಳಿಗೂ ಸಾಮಾನ್ಯವಾದ ಒಂದು ಎಚ್ಚರಿಕೆ ಕನ್ನಡ ದತ್ತಾಂಶದ್ದು. ಸಂಸ್ಥೆಯ ಹಳೆಯ ಕಡತಗಳು ನುಡಿ ಅಥವಾ ಬರಹದ ಯೂನಿಕೋಡ್ ಪೂರ್ವದ ಅಕ್ಷರಶೈಲಿಗಳಲ್ಲಿ ಇರುವ ಸಾಧ್ಯತೆ ಹೆಚ್ಚು. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಆ ಪಠ್ಯ ಒಳಗೆ ರೋಮನ್ ಅಕ್ಷರಗಳ ಸಂಕೇತಗಳಲ್ಲೇ ಉಳಿದಿರುತ್ತದೆ. ಹಾಗೆಯೇ ಡೇಟಾಬೇಸಿಗೆ ಸೇರಿಸಿದರೆ ಹುಡುಕಾಟವೂ ಅಕಾರಾದಿ ಜೋಡಣೆಯೂ ಕೆಲಸ ಮಾಡುವುದಿಲ್ಲ. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೂ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಿನಿಂದ ಒಮ್ಮೆ ಪರಿಶೀಲಿಸಬೇಕು. ಇದಕ್ಕೆ ಬೇಕಾಗುವ ಸಮಯವನ್ನು ಕಾರ್ಯಯೋಜನೆಯಲ್ಲಿ ಪ್ರತ್ಯೇಕವಾಗಿ ತೋರಿಸಿ. ‘ಮಂಜುನಾಥ’, ‘ಮಂಜುನಾಥ್’, ‘ಮಂಜುನಾಥ ಎನ್.’ ಮೂವರು ಬೇರೆ ಬೇರೆ ಸದಸ್ಯರೋ ಒಬ್ಬರೋ ಎಂಬುದನ್ನು ಯಾವ ತಂತ್ರಾಂಶವೂ ಹೇಳಲಾರದು, ಕಾರ್ಯದರ್ಶಿಯವರು ಹೇಳಬಲ್ಲರು.

ಹಳೆಯದರಿಂದ ಹೊಸದಕ್ಕೆ

ದಾಟುವ ಕ್ರಮಗಳು ಮೂರು ಬಗೆ: ಒಂದೇ ದಿನ ನೇರವಾಗಿ ಬದಲಿಸುವುದು, ಕೆಲವು ಕಾಲ ಎರಡನ್ನೂ ಒಟ್ಟಿಗೆ ನಡೆಸುವುದು, ಭಾಗ ಭಾಗವಾಗಿ ದಾಟುವುದು. ನೇರ ಬದಲಾವಣೆ ಅಗ್ಗ, ಆದರೆ ಅಪಾಯ ದೊಡ್ಡದು. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿ.ಎಸ್.ಬಿ. ಬ್ಯಾಂಕ್ ತನ್ನ ಗ್ರಾಹಕರನ್ನೆಲ್ಲ ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಸಾಗಿಸಲು ಹೋದಾಗ ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆಗಳನ್ನು ತೆರೆಯಲಾಗದೆ ಹೋಯಿತು. ಭೂಮಿ ಯೋಜನೆ ಬೆರಕೆಯ ದಾರಿ ಹಿಡಿಯಿತು: ರಾಜ್ಯದ ಮಟ್ಟದಲ್ಲಿ ತಾಲ್ಲೂಕಿನಿಂದ ತಾಲ್ಲೂಕಿಗೆ ಹಂತಹಂತವಾಗಿ, ಆದರೆ ಒಂದು ತಾಲ್ಲೂಕು ಸಿದ್ಧವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲ. ಕೈಬರಹಕ್ಕೂ ಮಾನ್ಯತೆ ಉಳಿಸಿದ್ದರೆ ಹೊಸ ವ್ಯವಸ್ಥೆ ಬೇರೂರುವುದು ಕಷ್ಟವಿತ್ತು.

ಡೇರಿಯ ಹಾಲಿನ ಲೆಕ್ಕಕ್ಕೆ ನನ್ನ ಆಯ್ಕೆ ಜೊತೆಜೊತೆಯಾಗಿ ನಡೆಸುವುದೇ, ಆದರೆ ಒಂದು ಬಟವಾಡೆಯ ಅವಧಿಗೆ ಮಾತ್ರ. ಎರಡು ಕಡೆ ಬರೆಯುವ ಶ್ರಮ ನಿಮ್ಮದಲ್ಲ, ಹಾಲು ಪರೀಕ್ಷಕರದು. ಅವಧಿ ಉದ್ದವಾದಷ್ಟೂ ಅವರು ಹೊಸದನ್ನು ದ್ವೇಷಿಸಲು ಕಲಿಯುತ್ತಾರೆ. ಎರಡೂ ಪಟ್ಟಿಗಳ ಮೊತ್ತ ಹೊಂದಿದರೆ ಸಾಲದು, ಸದಸ್ಯವಾರು ಹೊಂದಬೇಕು, ಏಕೆಂದರೆ ಒಬ್ಬರಿಗೆ ಹೆಚ್ಚು ಹೋಗಿ ಇನ್ನೊಬ್ಬರಿಗೆ ಕಡಿಮೆಯಾದರೂ ಮೊತ್ತ ಸರಿಯಾಗಿಯೇ ಇರುತ್ತದೆ. ಮಾರ್ಚ್ ತಿಂಗಳ ಕೊನೆಯಲ್ಲಿ, ವರ್ಷಾಂತ್ಯದ ಲೆಕ್ಕದ ನಡುವೆ ಈ ಪ್ರಯೋಗಕ್ಕೆ ಕೈಹಾಕಬೇಡಿ. ಗ್ರಂಥಾಲಯಕ್ಕೆ ವಿಭಾಗವಾರು ದಾಟುವುದು ಸರಿಹೊಂದುತ್ತದೆ. ಅಂಗಡಿಯ ಉದ್ರಿ ಲೆಕ್ಕಕ್ಕೆ ನೇರ ಬದಲಾವಣೆಯೂ ನಡೆಯುತ್ತದೆ; ದೀಪಾವಳಿಗೆ ಹೊಸ ಖಾತೆ ಪುಸ್ತಕ ತೆರೆಯುವ ರೂಢಿ ಇರುವ ಕಡೆ ಹಿಂದಿನ ಬಾಕಿಗಳನ್ನು ಆ ದಿನ ಹೇಗಿದ್ದರೂ ಎತ್ತಿ ಬರೆಯುತ್ತಾರೆ, ಅದನ್ನು ಹೊಸ ವ್ಯವಸ್ಥೆಯಲ್ಲೇ ಬರೆಸಿದರಾಯಿತು.

ಸಂಸ್ಥೆಗೆ ಬಿಟ್ಟುಹೋಗಬೇಕಾದದ್ದು ವಿಶ್ವವಿದ್ಯಾಲಯಕ್ಕೆ ಸಲ್ಲಿಸುವ ದಪ್ಪ ವರದಿಯ ಪ್ರತಿಯಲ್ಲ. ದಿನದ ಕೆಲಸವನ್ನು ಹಂತಹಂತವಾಗಿ ಹೇಳುವ ಒಂದೆರಡು ಪುಟಗಳ ಕನ್ನಡದ ಕೈಪಿಡಿ, ಪಾಸ್‌ವರ್ಡುಗಳಿರುವ ಮುಚ್ಚಿದ ಲಕೋಟೆ, ಬ್ಯಾಕಪ್ ತೆಗೆದು ಮತ್ತೆ ತುಂಬುವ ವಿಧಾನವನ್ನು ಸಿಬ್ಬಂದಿಯಲ್ಲೊಬ್ಬರ ಕೈಯಿಂದಲೇ ನಿಮ್ಮೆದುರು ಒಮ್ಮೆ ಮಾಡಿಸಿದ ಅಭ್ಯಾಸ, ಇವು ಬೇಕು. ಜೊತೆಗೆ, ಅಧ್ಯಯನಕ್ಕಾಗಿ ನಿಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಂಡ ಸದಸ್ಯರ ಹೆಸರು, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆಗಳ ಪಟ್ಟಿಯನ್ನು ವರದಿಗೆ ಅಂಕ ಬಂದ ಕೂಡಲೇ ಅಳಿಸಿ, ಅಳಿಸಿದ್ದೇವೆಂದು ಸಂಘಕ್ಕೆ ಪತ್ರ ಬರೆದು ಕೊಡಿ.